ಚಿಂಚಿಲ್ಲಾ ಗುಂಡನ ಪಥ್ಯ

ನಿಯಮ ಪಾಲಿಸುವವರ ಮನೆಯನ್ನೇ ಹುಡುಕಿಕೊಂಡು ಬರುತ್ತವೆ ನಗೆಪಾಟಲಿನ ಪ್ರಸಂಗಗಳು. ಹೇಗೆ ಬೇಕಾದರೂ ನಡೆಯುವ ಮನೆಯಲ್ಲಿ ಏನಾದರೂ ಆದರೆ ಅದು ಆ ದಿನದ ಸುದ್ದಿ, ಅಷ್ಟೇ. ನಮ್ಮಲ್ಲಿ ಆದರೆ ಮಾತ್ರ ಇಡೀ ಬೀದಿ ಹೊಟ್ಟೆ ಹಿಡಿದುಕೊಂಡು ನಗುತ್ತದೆ. ರೈಲ್ವೆ ನೌಕರಿಯಲ್ಲಿ ಇದರ ಅನುಭವ ಸಾಕಷ್ಟಾಗಿತ್ತು. ನಿವೃತ್ತಿಯ ನಂತರ ನಿಲ್ಲುತ್ತದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಗುಂಡ ಬಂದ.

ಗುಂಡ ನನ್ನ ತಂಗಿಯ ಮಗಳು ಸಾಕಿದ ಚಿಂಚಿಲ್ಲಾ. ಕಂಡಿರದವರಿಗೆ ಹೇಳುವುದಾದರೆ, ಇಲಿಯ ಜಾತಿ, ಮೊಲದ ಮೈಕಟ್ಟು, ಅಳಿಲಿನ ಬಾಲ, ಬೂದಿ ಬಣ್ಣದ ರೇಷ್ಮೆಯಂಥ ತುಪ್ಪಳ. ದಕ್ಷಿಣ ಅಮೆರಿಕದ ಚಳಿ ಬೆಟ್ಟಗಳ ಪ್ರಾಣಿ. ಹುಡುಗಿ ಮಡಿಕೇರಿಯ ಬ್ಯಾಂಕಿನಲ್ಲಿದ್ದಳು, ಪ್ರಾಣಿಯೂ ಅಲ್ಲಿ ಸುಖವಾಗಿತ್ತು. ಇದ್ದಕ್ಕಿದ್ದಂತೆ ಅವಳಿಗೆ ಕೆಲವು ತಿಂಗಳ ಮಟ್ಟಿಗೆ ರಾಯಚೂರಿಗೆ ವರ್ಗವಾಯಿತು. ಪಂಜರ ಹಿಡಿದುಕೊಂಡು ನೇರ ಅರಸೀಕೆರೆಗೆ ಬಂದಳು.

"ಮಾವ, ರಾಯಚೂರಿನ ಬಿಸಿಲಿಗೆ ಇವನು ಉಳಿಯಲ್ಲ. ನಿಮ್ಮ ಹತ್ರ ಬಿಟ್ಟರೆ ಮಾತ್ರ ನನಗೆ ಸಮಾಧಾನ. ಬೇರೆ ಯಾರಾದ್ರೂ ಆದರೆ ಪ್ರೀತಿಯಿಂದ ಏನಾದ್ರೂ ತಿನ್ನಿಸಿ ಕೊಂದೇಬಿಡ್ತಾರೆ. ನಿಮಗೆ ಆ ಅಭ್ಯಾಸ ಇಲ್ಲ."

ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಗುಂಡನ ಪಥ್ಯ ಸರಳ. ಇಡೀ ದಿನ ಒಣಹುಲ್ಲು, ಸಂಜೆ ಒಂದು ಚಮಚ ಹುಲ್ಲಿನ ಗುಳಿಗೆ, ಶುದ್ಧವಾದ ನೀರು. ಸಿಹಿ ಕೂಡದು, ಎಣ್ಣೆಯ ಅಂಶ ಕೂಡದು, ಕಾಳು, ಹಣ್ಣು ಕೂಡದು. ತೆಂಗಿನಕಾಯಿಯಂತೂ ಕೂಡದೇ ಕೂಡದು. ಅದರ ಕರುಳು ಹುಲ್ಲಿಗೆಂದೇ ಆದದ್ದು. ಬೇರೆ ಏನು ತಿಂದರೂ ಹೊಟ್ಟೆ ಉಬ್ಬರಿಸುತ್ತದೆ, ಉಬ್ಬರಿಸಿದರೆ ತಿನ್ನುವುದನ್ನು ಬಿಡುತ್ತದೆ, ತಿನ್ನುವುದು ಬಿಟ್ಟರೆ ಜೀವ ಉಳಿಯುವುದು ಕಷ್ಟ. ಈ ಪಥ್ಯವನ್ನು ನಾನು ನಡೆಸಬೇಕಾಗಿದ್ದು ಎಲ್ಲಿ? ಯಾರ ಮನೆಗೆ ಹೋದರೂ ಕೈಗೊಂದು ತಟ್ಟೆ ಬರುವ ಊರಿನಲ್ಲಿ, ಮೂಲೆಯಲ್ಲಿ ಕೊಬ್ಬರಿ ಚೀಲ ಇಲ್ಲದ ಮನೆ ಹುಡುಕಬೇಕಾದ ಸೀಮೆಯಲ್ಲಿ.

ನಮ್ಮ ಅಮ್ಮನಿಗೆ ಎಂಬತ್ತು ದಾಟಿದೆ. ಪಥ್ಯವನ್ನೆಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಒಂದೇ ಮಾತು: "ಮನೆಗೆ ಬಂದ ನೆಂಟನಿಗೆ ಹುಲ್ಲು ಹಾಕೋದಾ? ಥೂ, ಯಾರಾದ್ರೂ ಕೇಳಿದ್ರೆ ಏನಂದಾರು!"

ಕೊರಿಯರ್ ಹುಲ್ಲು

ಗುಂಡ ತಿನ್ನುವ ತಿಮೋತಿ ಎಂಬ ಹುಲ್ಲು ನಮ್ಮ ಕಡೆ ಬೆಳೆಯುವುದಿಲ್ಲ. ಕೊರಿಯರ್‌ನಲ್ಲೇ ತರಿಸಬೇಕು. ತಂದುಕೊಡುವವನು ಕಣಕಟ್ಟೆ ಕಡೆಯವನು, ಮನೆಯಲ್ಲಿ ಹಸು ಕಟ್ಟಿದವನು. ಮೊದಲ ಸಲ ಸಹಿ ಹಾಕಿಸಿಕೊಂಡ ಮೇಲೂ ಡಬ್ಬ ಕೊಡದೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಏನೈತೆ ಸಾರ್ ಇದ್ರಲ್ಲಿ? ಇಷ್ಟು ದೊಡ್ಡ ಡಬ್ಬ, ತೂಕಾನೇ ಇಲ್ಲ."

"ಹುಲ್ಲು."

"ಯಾವ ಹುಲ್ಲು?"

"ಒಣಹುಲ್ಲು."

ಅವನು ನನ್ನ ಮುಖ ನೋಡಿದ. ಬಗ್ಗಿ ನಮ್ಮ ಹಿತ್ತಿಲ ಕಡೆ ನೋಡಿದ. "ಹಸು ಎಲ್ಲಿ ಸಾರ್?"

"ಹಸು ಇಲ್ಲ."

ಅವನು ಡಬ್ಬ ಕೊಟ್ಟು ಹೊರಟುಹೋದ. ಮುಂದಿನ ಸಲ ಬಂದಾಗ ಬೈಕಿನ ಹಿಂದೆ ಒಂದು ಹೊರೆ ರಾಗಿಹುಲ್ಲು ಕಟ್ಟಿಕೊಂಡು ಬಂದಿದ್ದ. "ನಮ್ಮ ಬಣವೇದು ಸಾರ್, ಸುಮ್ನೆ ಇಟ್ಕೊಳಿ. ನಿಮ್ಮಂತೋರು ಹುಲ್ಲಿಗೆ ಇಷ್ಟು ಒದ್ದಾಡೋದು ನೋಡಕ್ಕಾಗಲ್ಲ."

ನಾನು ಅವನನ್ನು ಕೂರಿಸಿ ವಿವರಿಸಿದೆ. ನಾರಿನ ಅಂಶ ಇಷ್ಟಿರಬೇಕು, ಧೂಳು ಇರಕೂಡದು, ಬೂಷ್ಟು ಇರಕೂಡದು, ಹಲ್ಲು ಸವೆಯುವಷ್ಟು ಒರಟಾಗಿರಬೇಕು. ಅವನು ತಾಳ್ಮೆಯಿಂದ ಕೇಳಿದ. ಆಮೇಲೆ ನನ್ನ ಡಬ್ಬದಿಂದ ಒಂದು ಎಳೆ ತಿಮೋತಿ ಎಳೆದು ಬಾಯಿಗೆ ಹಾಕಿಕೊಂಡು ಅಗಿದ. ತನ್ನ ಹೊರೆಯಿಂದ ಒಂದು ಎಳೆ ಎಳೆದು ಅದನ್ನೂ ಅಗಿದ. "ನಮ್ಮದೇ ವಾಸಿ ಸಾರ್," ಎಂದು ತೀರ್ಪು ಕೊಟ್ಟು ಹೊರೆ ವಾಪಸು ತೆಗೆದುಕೊಂಡು ಹೋದ.

ಮೂರನೆಯ ಸಲ ಬಂದಾಗ ದನಿ ತಗ್ಗಿಸಿ ಹೇಳಿದ: "ನಿಮ್ಮ ಹುಲ್ಲಿನ ವಿಷ್ಯ ಕೊಟ್ಟಿಗೇಲಿ ನಿಂತ್ಕೊಂಡು ನಮ್ಮವ್ವಂಗೆ ಹೇಳ್ತಿದ್ದೆ ಸಾರ್. ಬಾಯಿ ಮುಚ್ಚು ಅಂದ್ಲು. ಹಸೂಗೆ ಕೇಳಿಸ್ತು ಅಂದ್ರೆ ನಾಳೆಯಿಂದ ಅದೂ ಕೊರಿಯರ್ ಹುಲ್ಲೇ ಬೇಕು ಅಂತದಂತೆ."

ಹಳದಿ ಹಲ್ಲು

ಎದುರು ಮನೆಯವರು ಕೊಬ್ಬರಿ ವ್ಯಾಪಾರಿ. ಒಂದು ಸಂಜೆ ಗುಂಡನನ್ನು ನೋಡಲು ಬಂದರು. ಬರುವಾಗ ಜೇಬಿನಲ್ಲಿ ಕೊಬ್ಬರಿ ಚೂರಿತ್ತು. ಬಾಗಿಲಲ್ಲೇ ಅದನ್ನು ಹೊರಗೆ ತೆಗೆಸಿದೆ. ಅವರು ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಗುಂಡ ಆಕಳಿಸಿದ. ಅವರು ಹೌಹಾರಿ ಹಿಂದಕ್ಕೆ ಸರಿದರು.

"ಸಾರ್, ಹಲ್ಲು ನೋಡಿದ್ರಾ? ಅರಿಶಿನ! ನಿಮ್ಮ ಮನೇಲಿ ಯಾರೂ ಎಲೆಅಡಿಕೆ ಕೂಡ ಹಾಕಲ್ಲ. ಇದಕ್ಕೆ ಗುಟ್ಕಾ ಯಾರು ಕಲಿಸಿದ್ರು?"

"ಅದು ಹಾಗೇ ಇರಬೇಕು," ಎಂದೆ. "ಚಿಂಚಿಲ್ಲಾ ಆರೋಗ್ಯವಾಗಿದ್ದರೆ ಹಲ್ಲು ಗಾಢ ಹಳದಿ. ಬೆಳ್ಳಗಾದರೆ ಸುಣ್ಣದ ಅಂಶ ಕಡಿಮೆಯಾಗಿದೆ ಎಂದು ಅರ್ಥ. ಹಳದಿ ಹಲ್ಲು ಗಟ್ಟಿ, ಬಿಳಿ ಹಲ್ಲು ಟೊಳ್ಳು."

ಅವರು ನಾಲಿಗೆಯಿಂದ ತಮ್ಮ ಹಲ್ಲು ಸವರಿಕೊಂಡರು. "ವಿಜ್ಞಾನ ಹೀಗೆ ಹೇಳುತ್ತಾ ಸಾರ್?"

"ಹೌದು. ವಿಜ್ಞಾನವೇ."

ಎರಡು ದಿನ ಬಿಟ್ಟು ಬೆಳಿಗ್ಗೆ ಅವರ ಹೆಂಡತಿ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಮುಖ ಕೆಂಪಾಗಿತ್ತು. ನಾನು ಹೋಗಿ ಏನಮ್ಮ ಎಂದೆ.

"ನೀವು ಓದಿಕೊಂಡವರು, ದೊಡ್ಡವರು, ನಿಮಗೆ ಎದುರು ಮಾತಾಡಬಾರದು. ಆದರೂ ಕೇಳ್ತೀನಿ. ನಮ್ಮೆಜಮಾನರಿಗೆ ಅದೇನು ಹೇಳಿದ್ರಿ? ಮೊನ್ನೆಯಿಂದ ಹಲ್ಲುಜ್ಜಿಲ್ಲ. ಕೇಳಿದ್ರೆ, ಗಟ್ಟಿಯಾಗ್ತಾ ಇದೆ ಇರು ಅಂತಾರೆ!"

ಅರ್ಧ ಕೆ.ಜಿ.

ಪ್ರಾಣಿ ಯಾವಾಗಲಾದರೂ ತಿನ್ನುವುದು ಬಿಟ್ಟರೆ ಗುಳಿಗೆ ನೆನೆಸಿ ಬಾಯಿಗೆ ಹಾಕಲು ಸೂಜಿ ಇಲ್ಲದ ಸಿರಿಂಜ್ ಮನೆಯಲ್ಲಿರಲಿ ಎಂದು ಹುಡುಗಿ ಹೇಳಿದ್ದಳು. ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವನು ಒಳ್ಳೆಯವನು, ಆದರೆ ಟಾನಿಕ್ ಮಾರದೆ ಯಾರನ್ನೂ ಬಿಡುವವನಲ್ಲ. ಹಿಂದೆ ನಾಲ್ಕೈದು ಜನ ನಿಂತಿದ್ದರು. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡುವುದು ನನ್ನ ಪದ್ಧತಿ. ಹಾಗೇ ಕೊಡುತ್ತ ಹೋದೆ.

"ಸಿರಿಂಜ್ ಯಾರಿಗೆ ಸರ್?"

"ಗುಂಡನಿಗೆ."

"ಗುಂಡ ಯಾರು?"

"ನನ್ನ ತಂಗಿ ಮಗಳದ್ದು. ಅವಳಿಗೆ ರಾಯಚೂರಿಗೆ ವರ್ಗವಾಗಿದೆ. ನಮ್ಮ ಹತ್ತಿರ ಬಿಟ್ಟು ಹೋಗಿದ್ದಾಳೆ."

"ಅಯ್ಯೋ ಪಾಪ. ಎಷ್ಟು ವಯಸ್ಸು?"

"ಮೂರು ವರ್ಷ."

"ತೂಕ?"

"ಅರ್ಧ ಕೆ.ಜಿ."

ಅಂಗಡಿಯವನ ಕೈಯಲ್ಲಿದ್ದ ಮಾತ್ರೆ ಪಟ್ಟಿ ಕೆಳಗೆ ಬಿತ್ತು. "ಅರ್ಧಾನಾ? ಸರ್, ನಡೀತಾನಾ?"

"ಇಲ್ಲ. ಜಿಗೀತಾನೆ."

ಅವನು ಸೀಸೆಗಳನ್ನು ಸಾಲಾಗಿ ತಂದಿಟ್ಟ. ವಿಟಮಿನ್ ಹನಿ, ಕ್ಯಾಲ್ಸಿಯಂ, ಹಸಿವಿನ ಟಾನಿಕ್, ಪ್ರೋಟೀನ್ ಪುಡಿ. ನಾನು ಎಲ್ಲವನ್ನೂ ಹಿಂದಕ್ಕೆ ತಳ್ಳಿದೆ. "ಇದ್ಯಾವುದೂ ಬೇಡ. ಟಾನಿಕ್ಕಿನಲ್ಲಿ ಸಕ್ಕರೆ ಇರುತ್ತದೆ, ಅವನ ಹೊಟ್ಟೆಗೆ ಆಗದು. ಕ್ಯಾಲ್ಸಿಯಂ ಸುಮ್ಮನೆ ಹೆಚ್ಚು ಕೊಟ್ಟರೆ ಮೂತ್ರದಲ್ಲಿ ಕಲ್ಲಾಗುತ್ತದೆ. ಅವನಿಗೆ ಬೇಕಾದ್ದೆಲ್ಲ ತಿನ್ನುವುದರಲ್ಲೇ ಇದೆ."

ಹಿಂದೆ ನಿಂತಿದ್ದ ಹೆಂಗಸೊಬ್ಬರು ತಡೆಯಲಾರದೆ ಕೇಳಿದರು: "ಅಂಥದ್ದೇನು ತಿನ್ನಕ್ಕೆ ಕೊಡ್ತೀರಾ ಮಗೂಗೆ?"

"ಒಣಹುಲ್ಲು. ಪಂಜರದೊಳಗೇ ಹಾಕಿಡುತ್ತೇವೆ."

ಸಂಜೆ ಮನೆಯ ಕರೆಗಂಟೆ ಸದ್ದಾಯಿತು. ಅಂಗನವಾಡಿ ಕಾರ್ಯಕರ್ತೆ, ಜೊತೆಗೆ ತಕ್ಕಡಿ, ಪೌಷ್ಟಿಕ ಆಹಾರದ ಪೊಟ್ಟಣ. "ಮಗು ತೋರಿಸಿ ಸರ್," ಎಂದರು, ದನಿಯಲ್ಲಿ ಸಿಟ್ಟಿತ್ತು. ತೋರಿಸಿದೆ. ಆಕೆ ಪಂಜರದ ಮುಂದೆ ತುಸು ಹೊತ್ತು ನಿಂತು, ಬಂದ ಕೆಲಸ ಬಿಡಬಾರದೆಂದು ಗುಂಡನನ್ನು ತಕ್ಕಡಿಯಲ್ಲಿಟ್ಟು ತೂಗಿಯೇ ತೂಗಿ, "ಪರವಾಗಿಲ್ಲ ಸರ್, ಇಲಿಗೆ ಈ ತೂಕ ಜಾಸ್ತೀನೇ ಆಯ್ತು," ಎಂದು ಹೊರಟರು.

ಹಳೇಬೀಡಿನ ಪುರಾವೆ

ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಹುಲಿಕೆರೆಯವನು. ಹಳೇಬೀಡಿನಲ್ಲಿ ಪ್ರವಾಸಿಗರಿಗೆ ದೇವಸ್ಥಾನ ತೋರಿಸುವುದು ಅವನ ಕಸುಬು. ಮಾತು ಕಲಿತವನು, ಮಾತಿನಿಂದಲೇ ಬದುಕುವವನು. ಮದುವೆ ಕರೆಯಲು ಬಂದವನು ಗುಂಡನನ್ನು ಕಂಡು ನೆಲಕ್ಕೆ ಕೂತುಬಿಟ್ಟ.

"ಭಾವ, ಇದು ನಮ್ಮ ಗೋಡೆ ಮೇಲಿದೆ!"

"ಸಾಧ್ಯವಿಲ್ಲ. ಇದು ದಕ್ಷಿಣ ಅಮೆರಿಕದ್ದು."

"ಮಕರ ಭಾವ! ಒಂದು ಪ್ರಾಣಿಯ ಬಾಯಿ, ಇನ್ನೊಂದರ ಕಿವಿ, ಮತ್ತೊಂದರ ಬಾಲ. ಇಲ್ಲಿ ನೋಡಿ, ಇದೂ ಹಂಗೇ ತಾನೆ? ಶಿಲ್ಪಿ ಕಲ್ಪನೆ ಅಂತ ಹೇಳ್ಕೊಂಡು ಬಂದಿದ್ವಿ. ಅವನು ಕಣ್ಣಾರೆ ನೋಡೇ ಕೆತ್ತಿದ್ದಾನೆ!"

ನಾನು ಭೂಗೋಳ ಹೇಳಿದೆ, ಇತಿಹಾಸ ಹೇಳಿದೆ. ಅವನು ಹೂಂಗುಟ್ಟುತ್ತ ಹೋಳಿಗೆ ತಿಂದು ಹೋದ. ಕೆಲವು ವಾರಗಳ ನಂತರ ಬೇಲೂರಿಗೆ ಹೋದವರು ಹಳೇಬೀಡಿಗೂ ಹೋದೆವು. ಗೋಡೆಯ ಆ ಬದಿಯಿಂದ ಅವನ ದನಿ ಕೇಳಿಸಿತು.

"ಈ ಪ್ರಾಣಿ ನಾಶ ಆಯ್ತು ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಸುಳ್ಳು ಕಣ್ರೀ! ಅರಸೀಕೆರೆಯಲ್ಲಿ ರೈಲ್ವೆ ಅಧಿಕಾರಿಯೊಬ್ಬರ ಮನೇಲಿ ಒಂದು ಜೀವಂತ ಇದೆ. ಎಂಥಾ ನಿಷ್ಠೆ ಅಂತೀರಿ! ಹಣ್ಣು ಮುಟ್ಟಲ್ಲ, ಸಿಹಿ ಮುಟ್ಟಲ್ಲ, ಬರೀ ಒಣಹುಲ್ಲು. ಸ್ನಾನಕ್ಕೂ ನೀರಿಲ್ಲ, ಬೂದಿ!"

ಕೊನೆಯ ಮಾತು ಅರ್ಧ ನಿಜ. ಚಿಂಚಿಲ್ಲಾ ನೀರಿನಲ್ಲಿ ಮೀಯುವುದಿಲ್ಲ, ಅದಕ್ಕೆಂದೇ ಸಿಗುವ ನುಣುಪಾದ ಪುಡಿಯಲ್ಲಿ ಹೊರಳುತ್ತದೆ. ಆದರೆ ತಿದ್ದಲು ನಾನು ಆ ಬದಿಗೆ ಹೋಗುವಷ್ಟರಲ್ಲಿ ಗುಂಪು ಮುಂದೆ ಸಾಗಿತ್ತು.

ಮುಂದಿನ ಭಾನುವಾರ ಮನೆಯ ಮುಂದೆ ಒಂದು ಟೆಂಪೋ ನಿಂತಿತು. ಇಡೀ ಕುಟುಂಬ ಇಳಿಯಿತು. ಹಿರಿಯರೊಬ್ಬರ ಕೈಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಊದುಬತ್ತಿ. "ದರ್ಶನ ಎಷ್ಟು ಹೊತ್ತಿಗೆ?" ಎಂದರು.

ನನ್ನ ಹೆಂಡತಿ ಮುಂದೆ ಬಂದು ಕೈಮುಗಿದು ಹೇಳಿದಳು: "ಸಂಜೆ ಆರರ ಮೇಲೆ ಬನ್ನಿ, ಈಗ ಮಲಗಿದ್ದಾನೆ. ಹಣ್ಣುಕಾಯಿ ನಡೆಯಲ್ಲ. ಹುಲ್ಲಿದ್ದರೆ ತನ್ನಿ."

ಮುಚ್ಚಿದ ಪಂಜರ

ಹುಡುಗಿಗೆ ಮತ್ತೆ ಮಡಿಕೇರಿಗೇ ವರ್ಗವಾಯಿತು. ಮುಂದಿನ ಭಾನುವಾರ ಗುಂಡನನ್ನು ಕರೆದುಕೊಂಡು ಹೋಗುತ್ತೇನೆಂದು ಫೋನ್ ಮಾಡಿದಳು. ನಾನು ನಿಶ್ಚಿಂತನಾಗಿದ್ದೆ. ಒಪ್ಪಿಸಿದ ಹಾಗೇ ಹಿಂದಕ್ಕೆ ಒಪ್ಪಿಸುವವನಿದ್ದೆ.

ಆ ವಾರವೇ ಗುಂಡ ಹುಲ್ಲು ಬಿಟ್ಟ.

ಮೊದಲು ಗುಳಿಗೆ ಅರ್ಧ ಉಳಿಯಿತು. ಮರುದಿನ ಹುಲ್ಲು ಹಾಕಿದಂತೆಯೇ ಇತ್ತು. ಹಿಕ್ಕೆ ಸಣ್ಣದಾಗುತ್ತ ಬಂದು ನಿಂತೇಹೋಯಿತು. ಮೂಲೆಯಲ್ಲಿ ಮೈ ಚಾಚಿಕೊಂಡು ಮಲಗಿದ್ದ, ಕಿವಿ ಕೆಂಪಗಿತ್ತು. ಪೇಟೆಯ ಪಶುವೈದ್ಯರನ್ನು ಕರೆಸಿದೆ. ಅವರು ಬೆಂಗಳೂರಿನ ಸ್ನೇಹಿತರೊಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿ, ಹೊಟ್ಟೆ ಒತ್ತಿ ನೋಡಿದರು.

"ಕರುಳು ನಿಂತಿದೆ ಸರ್. ಒಂದೋ ಬೇಡದ್ದೇನೋ ತಿಂದಿದೆ, ಇಲ್ಲಾ ಸೆಕೆ ತಡೆದಿಲ್ಲ."

"ಸೆಕೆ ಸಾಧ್ಯವಿಲ್ಲ. ಈ ರೂಮಿಗೆಂದೇ ಎ.ಸಿ. ಹಾಕಿಸಿದ್ದೇನೆ, ಹಗಲು ಆರಿಸುವುದೇ ಇಲ್ಲ."

"ಹಾಗಿದ್ರೆ ಯಾರೋ ತಿನ್ನಿಸಿದ್ದಾರೆ," ಎಂದು ಔಷಧಿ ಕೊಟ್ಟು, ಗುಳಿಗೆ ನೆನೆಸಿ ಸ್ವಲ್ಪಸ್ವಲ್ಪವೇ ಬಾಯಿಗೆ ಹಾಕಲು ಹೇಳಿ ಹೋದರು.

ಮನೆಯಲ್ಲಿ ವಿಚಾರಣೆ ನಡೆಸಿದೆ. ಹೆಂಡತಿ, "ಸಾರಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಕ್ಕೆ ನಿಮಗೆ ಹೆದರೋಳು ನಾನು, ಅದಕ್ಕೆ ತಿನ್ನಿಸ್ತೀನಾ?" ಎಂದಳು. ಅಮ್ಮ ಪಂಜರ ಮುಟ್ಟಿ ಹೇಳಿದರು: "ಇದಕ್ಕೆ ಒಂದು ಅಗುಳು ಕೊಟ್ಟಿದ್ರೆ ನನ್ನ ಕೈ ಸೇದಿಹೋಗಲಿ ಕಣೋ."

ಅಮ್ಮ ಸುಳ್ಳು ಹೇಳುವವರಲ್ಲ. ಆದರೂ ನನಗೆ ಅನುಮಾನ ಹೋಗಲಿಲ್ಲ. ಗುಂಡ ಹಗಲು ಮಲಗುವ ಪ್ರಾಣಿ. ಊಟದ ನಂತರ ಸಂಜೆಯವರೆಗೆ ಆ ರೂಮಿಗೆ ಯಾರೂ ಕಾಲಿಡಕೂಡದು ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ, ನಾನೂ ಹೋಗುತ್ತಿರಲಿಲ್ಲ. ಏನಾದರೂ ನಡೆಯುತ್ತಿದ್ದರೆ ಆ ಹೊತ್ತಿನಲ್ಲೇ ನಡೆಯಬೇಕು. ಅವತ್ತು ಊಟವಾದ ಮೇಲೆ ಒಳಗೆ ಹೋಗಿ ಬೀರುವಿನ ಮರೆಯಲ್ಲಿ ನಿಂತೆ.

ಬಾಗಿಲು ಮೆಲ್ಲಗೆ ತೆರೆಯಿತು. ಅಮ್ಮ ಬಂದರು. ಹೆಗಲ ಮೇಲೆ ಕರಿ ಕಂಬಳಿ. ಮೊದಲು ರಿಮೋಟ್ ಹುಡುಕಿ ಎ.ಸಿ. ಆರಿಸಿದರು. ಆಮೇಲೆ ಕಂಬಳಿ ಬಿಚ್ಚಿ ಪಂಜರದ ಮೇಲೆ ಹೊದಿಸಿ, ಒಂದು ಬೆರಳಿನ ಸಂದೂ ಉಳಿಯದಂತೆ ನೆಲದವರೆಗೆ ಇಳಿಬಿಟ್ಟರು. ಕುರ್ಚಿ ಎಳೆದುಕೊಂಡು ಕೂತರು. ಸೆರಗಿನೊಳಗಿಂದ ಸ್ಟೀಲ್ ಡಬ್ಬಿ ಬಂತು, ಡಬ್ಬಿಯೊಳಗಿಂದ ಕೊಬ್ಬರಿ ಮಿಠಾಯಿ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ನಿಲ್ಲಿಸಿದ್ದಾರೆ, ಅದನ್ನು ಜಾರಿಗೆ ತಂದವನು ನಾನು.

"ಅಮ್ಮ!"

"ಮೆಲ್ಲಗೆ! ಮಲಗಿದೆ," ಎಂದು ಅಮ್ಮ ನನ್ನನ್ನೇ ಗದರಿಸಿದರು.

"ಇದನ್ನ ಗುಂಡನಿಗೂ ಕೊಟ್ರಾ?"

"ನಾನ್ಯಾಕೆ ಕೊಡ್ಲಿ? ಕೊಡಬೇಡ ಅಂದಿದ್ದೀಯ. ನಿನ್ನ ಮಾತು ಯಾವತ್ತಾದ್ರೂ ಮೀರಿದ್ದೀನಾ?" ಬಾಯಿ ತುಂಬ ಮಿಠಾಯಿ ಇತ್ತು.

"ಮತ್ತೆ ಈ ಕಂಬಳಿ?"

"ಬಾಯಿರೋ ಪ್ರಾಣಿ ಎದುರಿಗೆ ಅದಕ್ಕೆ ಕೊಡದೆ ನಾನೊಬ್ಬಳೇ ತಿನ್ನಕ್ಕಾಗುತ್ತೇನೋ? ಅದಕ್ಕೆ ಆಸೆಯಾಗಲ್ವಾ? ಕಣ್ಣಿಗೆ ಬೀಳಬಾರದು ಅಂತ ಮುಚ್ಚಿದೆ. ಗಾಳಿಗೆ ವಾಸನೆ ಹೋಗಬಾರದು ಅಂತ ಎ.ಸಿ. ಆರಿಸಿದೆ. ತಿಂದಾದ ಮೇಲೆ ಒಂದು ಕೋಳಿನಿದ್ದೆ. ಎದ್ದು, ಎಲ್ಲಾ ತೆಗೆದು, ಎ.ಸಿ. ಹಾಕಿ ಹೋಗ್ತೀನಿ. ನಿನ್ನ ನಿಯಮ ಒಂದೂ ತಪ್ಪಿಲ್ಲ."

ಚಳಿ ಬೆಟ್ಟದ ಪ್ರಾಣಿ, ಮೈತುಂಬ ತುಪ್ಪಳ, ಅದರ ಮೇಲೆ ಅರಸೀಕೆರೆಯ ಮಧ್ಯಾಹ್ನದಲ್ಲಿ ಕಂಬಳಿ! ಕಂಬಳಿ ಎಳೆದು ಬಿಸಾಕಿ, ಎ.ಸಿ. ಹಾಕಿ, ಗುಂಡನನ್ನು ತಣ್ಣನೆಯ ಕಡಪಾ ಕಲ್ಲಿನ ಮೇಲೆ ಬಿಟ್ಟು, ಪಶುವೈದ್ಯರಿಗೆ ಫೋನ್ ಮಾಡಿದೆ.

"ಕಾರಣ ಸಿಕ್ಕಿತು ಡಾಕ್ಟ್ರೇ. ಕೊಬ್ಬರಿ ಮಿಠಾಯಿ."

"ನಾನು ಹೇಳಲಿಲ್ವಾ! ಎಷ್ಟು ತಿಂತು?"

"ಅದು ತಿಂದಿಲ್ಲ. ನಮ್ಮಮ್ಮ ತಿಂದಿದ್ದಾರೆ."

"ಹೊಟ್ಟೆ ಕೆಟ್ಟಿದ್ದು ಯಾರದ್ದು ಸರ್?"

"ಗುಂಡನದ್ದು."

ಪೂರ್ತಿ ಹೇಳಿದ ಮೇಲೆ ಅವರು ನಗು ತಡೆದುಕೊಂಡು, ತಂಪಿನಲ್ಲಿಡಿ, ಬಾಯಿಗೆ ಹಾಕುವುದನ್ನು ಬಿಡಬೇಡಿ, ನಾಳೆ ಹೊತ್ತಿಗೆ ಹಿಕ್ಕೆ ಹಾಕಿದರೆ ಗೆದ್ದಿರಿ ಎಂದರು. ಮರುದಿನ ಬೆಳಿಗ್ಗೆ ನಾನೂ ಹೆಂಡತಿಯೂ ಪಂಜರದ ಮುಂದೆ ಉಸಿರು ಬಿಗಿ ಹಿಡಿದು ಕೂತಿದ್ದೆವು. ಅಮ್ಮ ದೇವರ ಮುಂದೆ ಕೂತಿದ್ದರು. ಮೊದಲ ಹಿಕ್ಕೆ ಉರುಳಿದಾಗ ನನ್ನ ಹೆಂಡತಿ ಕೂಗಿದ ಕೂಗಿಗೆ ಎದುರು ಮನೆಯವರು ಓಡಿ ಬಂದು, "ಏನಾಯ್ತು ಸಾರ್, ಮೊಮ್ಮಗುವಾ?" ಎಂದರು. ಸಂಜೆಗೆ ಗುಂಡ ಹುಲ್ಲು ಕಡಿಯತೊಡಗಿದ. ಕಂಬಳಿ ಅಟ್ಟಕ್ಕೆ ಹೋಯಿತು. ಡಬ್ಬಿ ಬೀರುವಿನೊಳಗೆ ಹೋಗಿ, ಬೀಗದ ಕೈ ನನ್ನ ಜೇಬಿಗೆ ಬಂತು.

ಭಾನುವಾರ ಹುಡುಗಿ ಬಂದಳು. ಗುಂಡನನ್ನು ಎತ್ತಿ ತೂಗಿದಳು, ಹಲ್ಲು ನೋಡಿದಳು, ಹೊಟ್ಟೆ ಸವರಿದಳು. ಅವಳು ಬಂದ ತಕ್ಷಣವೇ ಕಾಯಿಲೆಯ ವಿಷಯವನ್ನು ನಾನು ಹೇಳಿದ್ದೆ, ಸೆಕೆಯಿಂದ ಆಯಿತು ಎಂದು. ಮುಚ್ಚಿಡುವುದು ನನ್ನ ಪದ್ಧತಿಯಲ್ಲ. ಆದರೆ ಅಮ್ಮನ ಮಿಠಾಯಿಯ ವಿಷಯ ಅಮ್ಮನದು, ಅದನ್ನು ಹೇಳಲಿಲ್ಲ. ಅವಳು ಸಂತೋಷವಾಗಿಯೇ ಇದ್ದಳು. "ನಿಮ್ಮ ಶಿಸ್ತೇ ಇವನನ್ನ ಉಳಿಸಿದ್ದು ಮಾವ," ಎಂದು ಪಂಜರ ಎತ್ತಿದಳು.

ಪಂಜರದ ಹಿಂದೆ ಇನ್ನೊಂದು ಸ್ಟೀಲ್ ಡಬ್ಬಿ ಇತ್ತು.

ಹುಡುಗಿ ಮುಚ್ಚಳ ತೆಗೆದಳು. ಅರ್ಧ ಡಬ್ಬಿ ಕೊಬ್ಬರಿ ಮಿಠಾಯಿ. ಅವಳ ಮುಖ ಬಿಳುಚಿಕೊಂಡಿತು. ಪಂಜರ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಮಾವ! ಸೆಕೆ ಅಂದ್ರಿ. ಇದನ್ನ ಕೊಡ್ತಿದ್ರಾ ನನ್ನ ಗುಂಡನಿಗೆ?"

ನಾನು ಅಮ್ಮನ ಕಡೆ ನೋಡಿದೆ. ನಿಜ ಹೇಳಿದರೆ ಮೊಮ್ಮಗಳ ಮುಂದೆ ಅಮ್ಮನ ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ನನ್ನ ಮಾನ ಹೋಗುತ್ತದೆ. ಅಮ್ಮ ಡಬ್ಬಿ ನೋಡಿದರು, ನನ್ನ ನೋಡಿದರು, ಒಂದು ನಿಟ್ಟುಸಿರು ಬಿಟ್ಟು ಎದ್ದು ಬಂದು ಮೊಮ್ಮಗಳ ಕೈಯಿಂದ ಡಬ್ಬಿ ಕಿತ್ತುಕೊಂಡರು.

"ಬಿಡ್ತು ಅನ್ನೇ! ಅವನು ಕೊಡ್ತಾನಾ? ಹೆತ್ತ ತಾಯಿಗೇ ಒಂದು ಚೂರು ಕೊಡದವನು, ಇಲಿಗೆ ಕೊಡ್ತಾನಾ?"